ಮುಂಬಯಿಗೆ ಮೂರು ದಿನದ ಪ್ರವಾಸ

ಮೂವತ್ತೆರಡು ವರ್ಷಗಳ ಕಾಲ ಪಾಠಶಾಲೆಯ ವೇಳಾಪತ್ರಿಕೆಗಳನ್ನು ಬರೆದ ಕೈ ನನ್ನದು. ಸೋಮವಾರದ ಮೊದಲನೆಯ ತಾಸಿಗೆ ಸಂಸ್ಕೃತ, ಎರಡನೆಯ ತಾಸಿಗೆ ಕನ್ನಡ ಎಂದು ಗೆರೆಯೆಳೆದು ಮನೆಗಳನ್ನು ತುಂಬುವ ಚಾಳಿಯು ನಿವೃತ್ತನಾದ ಮೇಲೂ ನನ್ನನ್ನು ಬಿಟ್ಟಿಲ್ಲ. ಆದಕಾರಣ ಎಲ್ಲಿಗಾದರೂ ಹೊರಡುವ ಮಾತು ಮನೆಯಲ್ಲಿ ಬಂದಿತೆಂದರೆ ನಾನು ಮೊದಲು ಹುಡುಕುವದು ಬಟ್ಟೆ ತುಂಬುವ ಚೀಲವನ್ನಲ್ಲ, ಒಂದು ಖಾಲಿ ವಹಿಯನ್ನು ಮತ್ತು ಗೆರೆಯೆಳೆಯುವ ಪಟ್ಟಿಯನ್ನು.

ಇದರ ಫಲವನ್ನು 2017ರ ಡಿಸೆಂಬರಿನಲ್ಲಿ ನಾವು ದಿಲ್ಲಿಯ ಪ್ರವಾಸದಲ್ಲಿ ಚೆನ್ನಾಗಿ ಉಂಡೆವು. ನಾಲ್ಕು ದಿನ, ಇಪ್ಪತ್ತಮೂರು ಸ್ಥಳಗಳು. ಒಂದೊಂದು ಸ್ಥಳಕ್ಕೂ ಇಂತಿಷ್ಟು ನಿಮಿಷವೆಂದು ವಹಿಯಲ್ಲಿ ಬರೆದಿದ್ದೆ. ಆಗ್ರಾಕ್ಕೆ ಶುಕ್ರವಾರವನ್ನು ಇಟ್ಟಿದ್ದೆ. ತಾಜಮಹಾಲು ಪ್ರತಿ ಶುಕ್ರವಾರ ಪ್ರೇಕ್ಷಕರಿಗೆ ಮುಚ್ಚಿರುವದೆಂಬುದು ನನ್ನ ಏಳನೆಯ ಇಯತ್ತೆಯ ಹುಡುಗರಿಗೂ ತಿಳಿದ ಸಂಗತಿ. ಅವರ ಗುರುವಿಗೆ ತಿಳಿದಿರಲಿಲ್ಲ. ಯಮುನೆಯ ಆಚೆಯ ದಡದಲ್ಲಿ ನಿಂತು, ದಟ್ಟ ಮಂಜಿನೊಳಗೆ ಬೆಳ್ಳಗೆ ಕಂಡುದು ಗೋಪುರವೋ ಮಂಜೋ ಎಂದು ವಾದಿಸಿ ತಿರುಗಿ ಬಂದೆವು. ಧಾರವಾಡಕ್ಕೆ ಬಂದ ಮೇಲೆ ನೆರೆಮನೆಯವರು ನನ್ನ ಮನೆಯವಳನ್ನು “ದಿಲ್ಲಿ ಹ್ಯಾಂಗಿತ್ತ್ರಿ?” ಎಂದು ಕೇಳಿದರು. “ನಾ ನೋಡಿದ್ದು ಎರಡ ನೋಡ್ರಿ. ಒಂದು ಇವರ ಬೆನ್ನು, ಇನ್ನೊಂದು ಇವರ ಗಡಿಯಾರ” ಎಂದು ಆಕೆ ಹೇಳಿದ್ದು ಒಳಕೋಣೆಯಲ್ಲಿದ್ದ ನನ್ನ ಕಿವಿಗೂ ಬಿತ್ತು.

ಪ್ರವಾಸವೆಂಬ ಶಬ್ದವನ್ನು ನಾವು ದಿನನಿತ್ಯ ಬಳಸುತ್ತೇವೆ. ಇದು ‘ವಸ್’ ಎಂಬ ಧಾತುವಿನಿಂದ ಬಂದುದು. ಮನೆಯನ್ನು ಬಿಟ್ಟು ಬೇರೊಂದು ಊರಿನಲ್ಲಿ ವಾಸವಾಗಿರುವದೆಂಬುದೇ ಅದರ ಮೂಲಾರ್ಥ. ಓಡುವ ಅರ್ಥವು ಆ ಶಬ್ದದಲ್ಲಿ ಎಲ್ಲಿಯೂ ಇಲ್ಲ. ತರಗತಿಯಲ್ಲಿ ಇದನ್ನು ನೂರು ಸಲ ಹೇಳಿದ್ದೆನಾದರೂ ದಿಲ್ಲಿಯಲ್ಲಿ ಮಾತ್ರ ಇದು ನನಗೆ ನೆನಪಾಗಲಿಲ್ಲ.

ಕಳೆದ ಮಾಘಮಾಸದಲ್ಲಿ ಮುಂಬಯಿಗೆ ಹೋಗಬೇಕೆಂಬ ಮಾತು ಬಂದಿತು. ಆಕೆಯ ಮೊಣಕಾಲುಗಳಿಗೆ ಬೇಸಿಗೆಯಲ್ಲಿ ಶಸ್ತ್ರಕ್ರಿಯೆ ಆಗತಕ್ಕದ್ದಿತ್ತು; ಅದರ ತರುವಾಯ ಎಷ್ಟು ದಿನ ಮನೆಯಲ್ಲಿ ಕೂಡ್ರಬೇಕಾಗುವದೋ ತಿಳಿಯದು. ಹೋಗುವದಿದ್ದರೆ ಈಗಲೇ ಹೋಗಬೇಕು, ಅದೂ ಮೂರೇ ದಿನ. ಬೆಂಗಳೂರಿನಲ್ಲಿರುವ ಮಗನು ದೂರವಾಣಿಯಲ್ಲಿ, “ಅಪ್ಪಾ, ಒಂದು ದಿವಸದ ದರ್ಶನದ ಬಸ್ಸ ಇರತಾವ. ಅದರಾಗ ಕೂತರ ಎಲ್ಲಾ ತೋರಿಸಿ ಸಂಜೀಗೆ ತಂದ ಬಿಡತಾರ” ಎಂದನು. ಅವನು ಹೇಳಿದ್ದೂ ಸುಳ್ಳಲ್ಲ. ಆದರೆ ದಿಲ್ಲಿಯ ಮಂಜು ನನ್ನ ಕಣ್ಣ ಮುಂದೆ ಇತ್ತು. ಆದರೂ ಚಾಳಿಯು ಬಿಡಲಿಲ್ಲ: ಎರಡು ದಿನ ಕುಳಿತು ಹತ್ತೊಂಬತ್ತು ಸ್ಥಳಗಳ ಪಟ್ಟಿಯನ್ನು ಸಿದ್ಧಮಾಡಿ, ಮೆಂತ್ಯದ ಪಲ್ಯ ಸೋಸುತ್ತ ಕುಳಿತಿದ್ದ ಆಕೆಗೆ ಓದಿ ತೋರಿಸಿದೆ.

ಆಕೆ ಎಲ್ಲವನ್ನೂ ಕೇಳಿ, “ಇದರಾಗ ನಂದು ಯಾವದ್ರೀ?” ಎಂದಳು.

“ಎಲ್ಲಾ ನಿನ್ನ ಸಲುವಾಗಿನ” ಎಂದೆ.

“ನಾ ಏನ ನೋಡಬೇಕಂತ ನೀವು ಇವತ್ತಿನ ತನಕಾ ಕೇಳೇ ಇಲ್ಲಲ್ಲ.”

ಮದುವೆಯಾಗಿ ಮೂವತ್ತಮೂರು ವರ್ಷಗಳಾಗಿದ್ದವು. ಆ ಮಾತಿಗೆ ನನ್ನ ಬಳಿಯಲ್ಲಿ ಉತ್ತರವಿರಲಿಲ್ಲ. ಆಕೆ ಕೈ ಒರಸಿಕೊಂಡು ಒಳಗೆ ಹೋಗಿ ಪೆಟ್ಟಿಗೆಯಿಂದ ಒಂದು ಹಳೆಯ ಅಂಚೆಕಾರ್ಡನ್ನು ತಂದು ನನ್ನ ವಹಿಯ ಮೇಲೆ ಇಟ್ಟಳು.

ಆಕೆಯ ತವರುಮನೆ ಕುಮಟೆ. ಆಕೆಯ ಹಿರಿಯ ಅಣ್ಣನು 1974ರಲ್ಲಿ, ಹದಿನೈದು ವರ್ಷದವನಿದ್ದಾಗ, ಮುಂಬಯಿಗೆ ಹೋಗಿ ಕೋಟೆ ಪ್ರದೇಶದ ಒಂದು ಉಡುಪಿ ಹೊಟೇಲಿನಲ್ಲಿ ಕಪ್ಪುಬಸಿ ತೊಳೆಯುವ ಕೆಲಸಕ್ಕೆ ನಿಂತವನು. ಹಗಲೆಲ್ಲ ಕೆಲಸ, ರಾತ್ರಿ ಕನ್ನಡ ಶಾಲೆ. ಕರಾವಳಿಯ ಎಷ್ಟೋ ಬಡ ಹುಡುಗರು ಮುಂಬಯಿಯ ಆ ರಾತ್ರಿಶಾಲೆಗಳಲ್ಲಿ ಓದಿ ಮ್ಯಾಟ್ರಿಕ್ ಪರೀಕ್ಷೆ ಮುಗಿಸಿ, ಕಾರಕೂನರೂ ವಕೀಲರೂ ಹೊಟೇಲುಗಳ ಒಡೆಯರೂ ಆದರು. ಕನ್ನಡ ನಾಡಿನ ಶಿಕ್ಷಣದ ಇತಿಹಾಸವನ್ನು ಬರೆಯುವವರು ಧಾರವಾಡ ಮೈಸೂರುಗಳ ಕಾಲೇಜುಗಳೊಂದಿಗೆ ಇವನ್ನೂ ಎಣಿಸತಕ್ಕದ್ದು. ಆ ಅಣ್ಣನು ಒಡೆಯನಾಗಲಿಲ್ಲ. ಗಲ್ಲೆಯ ಮೇಲೆ ಕೂಡ್ರುವವರೆಗೆ ಬಂದನು. 1981ರಲ್ಲಿ ತಂಗಿಗೆ ಬರೆದ ಕಾರ್ಡು ಇದು: ಬೇಸಿಗೆಯ ರಜೆಯಲ್ಲಿ ಬಾ, ಎರಡಂತಸ್ತಿನ ಬಸ್ಸಿನಲ್ಲಿ ಮೇಲೆ ಎಲ್ಲರಿಗಿಂತ ಮುಂದಿನ ಆಸನದಲ್ಲಿ ಕೂಡ್ರಿಸಿ ಕೋಟೆಯ ಪೇಟೆಯನ್ನೆಲ್ಲ ತೋರಿಸುವೆನು ಎಂದು. ಆ ಬೇಸಿಗೆಯಲ್ಲಿ ತಂದೆಯವರು ಕಳುಹಲಿಲ್ಲ. ಮುಂದೆ ಮದುವೆ, ಮಕ್ಕಳು, ನನ್ನ ವರ್ಗಾವಣೆಗಳು. 2009ರಲ್ಲಿ ಅಣ್ಣನು ತೀರಿಕೊಂಡನು.

ನನ್ನ ಹತ್ತೊಂಬತ್ತು ಸ್ಥಳಗಳಲ್ಲಿ ಬಸ್ಸು ಇರಲಿಲ್ಲ.

ವಾಚಕರಲ್ಲಿ ಯಾರಾದರೂ ಇಂಥ ಪ್ರವಾಸಕ್ಕೆ ಸಿದ್ಧತೆ ನಡೆಸಿದ್ದರೆ ಅವರಿಗೆ ನಾನು ಹೇಳುವ ಮೊದಲನೆಯ ಮಾತು ಇದು: ನಕಾಶೆಯನ್ನು ಬಿಚ್ಚುವ ಪೂರ್ವದಲ್ಲಿ, ಜೊತೆಗೆ ಬರತಕ್ಕವರಲ್ಲಿ ಪ್ರತಿಯೊಬ್ಬರನ್ನೂ ‘ಯಾವದೊಂದನ್ನು ನೋಡದೆ ತಿರುಗಿ ಬಂದರೆ ನಿಮಗೆ ನೋವಾಗುವದು?’ ಎಂದು ಕೇಳಿರಿ. ಒಂದೇ ಒಂದು, ಎರಡು ಬೇಡ. ಆಕೆಯದು ಬಸ್ಸು. ನನ್ನದು ಮೊದಲು ನಿರ್ಣಯಸಾಗರವೆಂದು ತೋರಿತು. ಜಾವಜಿ ದಾದಾಜಿಯವರು 1869ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಆ ಮುದ್ರಣಾಲಯದ ಅಚ್ಚಿನಲ್ಲಿಯೇ ನಮ್ಮ ತಲೆಮಾರಿನವರೂ ನಮ್ಮ ಗುರುಗಳೂ ರಘುವಂಶವನ್ನು ಮಲ್ಲಿನಾಥನ ವ್ಯಾಖ್ಯಾನದೊಂದಿಗೆ ಓದಿದವರು. 1886ರಿಂದ ಹೊರಬಂದ ಅದರ ಕಾವ್ಯಮಾಲೆಯಿಲ್ಲದಿದ್ದರೆ ಎಷ್ಟೋ ಸಣ್ಣ ಕಾವ್ಯಗಳು ತಾಳೆಗರಿಯಲ್ಲಿಯೇ ಉಳಿಯುತ್ತಿದ್ದವು. ಕಾಳಬಾದೇವಿಯ ಓಣಿಯೊಂದರಲ್ಲಿ ಅದು ಇದ್ದಿತು. ಆದರೆ ಅದರ ಆ ಕಾಲವು ಮುಗಿದುಹೋಗಿದೆ. ಇಕ್ಕಟ್ಟಾದ ಓಣಿಯಲ್ಲಿ ಹೆಂಡತಿಯ ನೋಯುವ ಕಾಲುಗಳನ್ನು ಎಳೆಸಿ, ಒಂದು ಗೋಡೆಯನ್ನು ತೋರಿಸಿ ‘ಇಲ್ಲಿ ಇದ್ದಿತು’ ಎನ್ನುವದರಲ್ಲಿ ಅರ್ಥವೇನು? ಅದನ್ನು ಹೊಡೆದುಹಾಕಿದೆ. ಗೆರೆಯೆಳೆಯುವಾಗ ಕೈ ತುಸು ತಡೆದಿತೆಂಬುದನ್ನು ಮುಚ್ಚುವದಿಲ್ಲ. ಅದರ ಸ್ಥಾನದಲ್ಲಿ ಘಾರಾಪುರಿಯ ಗುಹೆಗಳನ್ನು ಬರೆದೆ.

ಇನ್ನು ಕಾಲದ ವಿಚಾರ. ಮುಂಬಯಿಗೆ ಹೋಗಲು ಕಾರ್ತಿಕದಿಂದ ಮಾಘದವರೆಗಿನ ದಿನಗಳೇ ಹಿತ. ಜೂನಿನಿಂದ ಸಪ್ಟೆಂಬರದವರೆಗಿನ ಮಳೆಯನ್ನು ನಮ್ಮ ಮಲೆನಾಡಿನವರು ತಮ್ಮ ಮಳೆಯಂತೆಯೇ ಎಂದು ಹಗುರಾಗಿ ಎಣಿಸಬಾರದು. 2005ರ ಜುಲೈ 26ರಂದು ಅಲ್ಲಿಯ ಸಾಂತಾಕ್ರೂಝಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿದ್ದಿತು. ನೀರು ಇಳಿಯಲಿಕ್ಕೆ ಹಾದಿಯಿಲ್ಲದೆ ಊರೇ ನಿಂತುಹೋಗಿತ್ತು. ಅಷ್ಟು ಬೀಳದಿದ್ದರೂ ಮಳೆಗಾಲದಲ್ಲಿ ಸಮುದ್ರವು ಕೆರಳಿದಾಗ ಘಾರಾಪುರಿಯ ಲಾಂಚುಗಳು ಹೊರಡುವದಿಲ್ಲ.

ಗಾಡಿಯ ಚೀಟಿಯ ಕುರಿತು ಮನೆಯವರಿಗೆ ಗೊತ್ತಿರಬೇಕಾದುದು ಇಷ್ಟು. ಮುಂಗಡವಾಗಿ ಕಾಯ್ದಿರಿಸುವ ಅವಧಿಯು 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನಗಳಾಯಿತು. ಅರವತ್ತನೆಯ ದಿನದ ಬೆಳಗ್ಗೆಯೇ ತೆಗೆಸಿದರೆ ಕೆಳಗಿನ ಮಲಗುವ ಸ್ಥಾನ ಸಿಕ್ಕೀತು. ನಲವತ್ತೈದು ದಾಟಿದ ಹೆಂಗಸರಿಗೂ ಅರವತ್ತು ತುಂಬಿದ ಗಂಡಸರಿಗೂ ಆ ಕೆಳಗಿನ ಸ್ಥಾನಗಳಲ್ಲಿ ಒಂದು ಪಾಲನ್ನು ಮೀಸಲಿಟ್ಟಿರುವರು. ಹಿರಿಯರಿಗೆ ಚೀಟಿಯ ಬೆಲೆಯಲ್ಲಿದ್ದ ರಿಯಾಯಿತಿಯು ಮಾತ್ರ 2020ರ ಮಾರ್ಚಿನಲ್ಲಿ ನಿಂತಿತು. ಅದನ್ನು ನಂಬಿಕೊಂಡು ಲೆಕ್ಕ ಹಾಕಬೇಡಿರಿ. ನಾವು ಒಟ್ಟು 18,000 ರೂಪಾಯಿಗಳನ್ನು ತೆಗೆದಿಟ್ಟಿದ್ದೆವು. ಗಾಡಿಯ ಚೀಟಿ ಮತ್ತು ಕೋಣೆಯ ಬಾಡಿಗೆಗಳಿಗೇ ಅದರ ಬಹುಭಾಗವು ಹೋಯಿತು.

ಎಲ್ಲಿ ಇಳಿದುಕೊಳ್ಳಬೇಕೆಂಬ ಪ್ರಶ್ನೆಯು ಊರಿನ ಆಕಾರವನ್ನು ತಿಳಿದ ಹೊರತು ಬಿಡಿಸಲಾಗದು. ಮುಂಬಯಿಯು ಮೊದಲು ಏಳು ನಡುಗಡ್ಡೆಗಳು. ಪೋರ್ತುಗೀಜರು ಅದನ್ನು ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ಅರಸನಿಗೆ ಬಳುವಳಿಯಾಗಿ ಕೊಟ್ಟರು. ಅವನು 1668ರಲ್ಲಿ ವರ್ಷಕ್ಕೆ ಹತ್ತು ಪೌಂಡುಗಳ ಬಾಡಿಗೆಗೆ ಕಂಪನಿಗೆ ಒಪ್ಪಿಸಿದನು. ಇಂದು ಅಲ್ಲಿ ಹತ್ತು ಪೌಂಡುಗಳಿಗೆ ಒಂದು ರಾತ್ರಿ ಕಳೆಯುವದೂ ಕಷ್ಟ. ಸಮುದ್ರವನ್ನು ಹೂಳಿ ನಡುಗಡ್ಡೆಗಳನ್ನು ಕೂಡಿಸಿದ ಮೇಲೆ ಊರು ದಕ್ಷಿಣದಿಂದ ಉತ್ತರಕ್ಕೆ ನೀಳವಾಗಿ ಬೆಳೆಯಿತು. ನೋಡತಕ್ಕ ಹಳೆಯ ಕಟ್ಟಡಗಳು ಬಹುತರವಾಗಿ ದಕ್ಷಿಣದ ತುದಿಯಲ್ಲಿರುವ ಕೋಟೆ ಪ್ರದೇಶದಲ್ಲಿವೆ. ಜನರು ಉತ್ತರದಲ್ಲಿ ವಾಸಿಸಿ ದಕ್ಷಿಣಕ್ಕೆ ಕೆಲಸಕ್ಕೆ ಹೋಗುವರು. ಆದ್ದರಿಂದ ಮುಂಜಾನೆ ಎಂಟರಿಂದ ಹನ್ನೊಂದರ ತನಕ ದಕ್ಷಿಣಕ್ಕೂ, ಸಂಜೆ ಐದರಿಂದ ಎಂಟರ ತನಕ ಉತ್ತರಕ್ಕೂ ಲೋಕಲ್ ಗಾಡಿಗಳಲ್ಲಿ ಪ್ರವಾಸಿಯು ಕಾಲಿಡಬಾರದು. ಅದು ಊರಿನವರ ಹೊಟ್ಟೆಯ ಪಾಡಿನ ಹೊತ್ತು. ನೋಡಬಂದ ನಾವು ಅವರ ಹಾದಿಗೆ ಅಡ್ಡವಾಗುವದೂ ಸರಿಯಲ್ಲ. ಉಳಿದ ಹೊತ್ತಿನಲ್ಲಿ ಲೋಕಲಿನಷ್ಟು ಸುಲಭವಾದ ವಾಹನ ಬೇರೊಂದಿಲ್ಲ. ಹೆಂಗಸರಿಗೆ ಪ್ರತ್ಯೇಕ ಡಬ್ಬಿಗಳಿವೆ. ದಂಪತಿಗಳು ಬೇರೆ ಬೇರೆ ಡಬ್ಬಿ ಹತ್ತುವದಾದರೆ ಇಳಿಯುವ ನಿಲ್ದಾಣವನ್ನೂ, ಇಳಿದ ಮೇಲೆ ನಿಲ್ಲುವ ಸ್ಥಳವನ್ನೂ ಮೊದಲೇ ಗೊತ್ತುಮಾಡಿಕೊಳ್ಳತಕ್ಕದ್ದು.

ನಾವು ಕೋಣೆ ಹಿಡಿದುದು ಮಾಟುಂಗಾದಲ್ಲಿ. ನಮ್ಮ ಕಡೆಯ ಕೆಲವು ಗಾಡಿಗಳು ದಾದರಿನಲ್ಲಿಯೇ ನಿಲ್ಲುವವು. ಅಲ್ಲಿಂದ ಮಾಟುಂಗಾ ಕೂಗಳತೆ. ಅಲ್ಲಿಯ ಬೀದಿಗಳಲ್ಲಿ ಕನ್ನಡವೂ ತಮಿಳೂ ತುಳುವೂ ಕಿವಿಗೆ ಬೀಳುವವು. 1926ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಶನ್ನು ಅಲ್ಲಿದೆ, ಎ. ರಾಮನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗೂ ಅಲ್ಲಿಯೇ. ಬಾಳೆಯ ಎಲೆಯ ಮೇಲೆ ಸಾರನ್ನವನ್ನುಂಡು ಮಲಗಿದರೆ ಪರಊರಿನ ಆಯಾಸವು ಅರ್ಧ ಇಳಿಯುವದು. ಮಾಟುಂಗಾ ನಿಲ್ದಾಣದ ಇನ್ನೊಂದು ವಿಶೇಷವು ಮನೆಯವಳಿಗೆ ಬಹಳ ಹಿಡಿಸಿತು: 2017ರಲ್ಲಿ ಆ ನಿಲ್ದಾಣದ ಕೆಲಸವನ್ನೆಲ್ಲ, ಮೇಲ್ವಿಚಾರಣೆಯಿಂದ ಚೀಟಿ ಕೊಡುವವರೆಗೆ, ಹೆಂಗಸರ ಕೈಗೆ ಒಪ್ಪಿಸಿದರು.

ದಿನಗಳನ್ನು ಹಂಚುವಾಗ ಆಗ್ರಾದ ಶುಕ್ರವಾರವನ್ನು ನೆನೆದು ಮೊದಲು ಮುಚ್ಚಿರುವ ವಾರಗಳನ್ನು ಬರೆದೆ. ಘಾರಾಪುರಿಯ ಗುಹೆಗಳು ಸೋಮವಾರ ಮುಚ್ಚಿರುವವು. ಸಿದ್ಧಿವಿನಾಯಕನ ಗುಡಿಯು ಮಂಗಳವಾರ ತೆರೆದಿದ್ದರೂ ಆ ದಿನದ ಜನಸಂದಣಿಯನ್ನು ನೋಡಿದರೆ ಕಾಲುನೋವಿನವರಿಗೆ ಮುಚ್ಚಿದಂತೆಯೇ. ನಾವು ಮಂಗಳವಾರ ಮುಂಜಾನೆ ಇಳಿದು ಗುರುವಾರ ರಾತ್ರಿ ಗಾಡಿ ಹತ್ತುವದೆಂದು ಗೊತ್ತಾಯಿತು. ದಿನಕ್ಕೆ ಒಂದೇ ದೊಡ್ಡ ಸ್ಥಳ. ಊಟದ ತರುವಾಯ ಎರಡು ತಾಸು ವಿಶ್ರಾಂತಿ. ಸಿನೆಮಾ ನಟರ ಮನೆಗಳ ಬಾಗಿಲನ್ನು ನೋಡಿ ಬರುವ ಪದ್ಧತಿಯೊಂದಿದೆಯೆಂದು ಕೇಳಿದ್ದೇನೆ; ಬಾಗಿಲುಗಳು ಧಾರವಾಡದಲ್ಲಿಯೂ ಇವೆ.

ಮೊದಲನೆಯ ದಿನದ ಸಂಜೆಗೆ ವಾಳಕೇಶ್ವರದ ಬಾಣಗಂಗೆ. ಸೀತೆಯನ್ನು ಹುಡುಕುತ್ತ ಬಂದ ಶ್ರೀರಾಮನು ಇಲ್ಲಿ ಮರಳಿನಿಂದ ಲಿಂಗವನ್ನು ಮಾಡಿ ಪೂಜಿಸಿದನೆಂದೂ, ನೀರಡಿಕೆಗಾಗಿ ಬಾಣದಿಂದ ನೆಲವನ್ನು ಭೇದಿಸಿದನೆಂದೂ ಐತಿಹ್ಯ. ಸಂಸ್ಕೃತದಲ್ಲಿ ವಾಲುಕಾ ಎಂದರೆ ಮರಳು, ವಾಲುಕೇಶ್ವರನೇ ವಾಳಕೇಶ್ವರನಾದನು. ಮೂರು ಕಡೆ ಸಮುದ್ರದ ಉಪ್ಪುನೀರು ಇರುವ ಆ ಗುಡ್ಡದ ತುದಿಯಲ್ಲಿ ಸಿಹಿನೀರಿನ ಬುಗ್ಗೆ, ಸುತ್ತಲೂ ಕಲ್ಲಿನ ಮೆಟ್ಟಿಲು, ಮೆಟ್ಟಿಲುಗಳ ಮೇಲೆ ಬಾತುಕೋಳಿಗಳು. ತಲೆಯೆತ್ತಿದರೆ ಮುಗಿಲು ಮುಟ್ಟುವ ಕೋಟ್ಯಧೀಶರ ಮನೆಗಳು. ಆಕೆ ಮೇಲಿನ ಮೆಟ್ಟಿಲ ಮೇಲೆಯೇ ಕುಳಿತಳು. ನಾನೂ ಕುಳಿತೆ. ಕತ್ತಲಾಗುವವರೆಗೆ ವಹಿಯನ್ನು ತೆರೆಯಲಿಲ್ಲ.

ಬುಧವಾರ ಘಾರಾಪುರಿ. ಹತ್ತೊಂಬತ್ತರಲ್ಲಿ ಹದಿನಾಲ್ಕನ್ನು ಹೊಡೆದುಹಾಕಿದುದರ ಲಾಭವು ಇಲ್ಲಿ ಕಂಡಿತು. ಗೇಟ್‌ವೇ ಎಂಬ ದ್ವಾರದ ಬಳಿಯಿಂದ ಲಾಂಚುಗಳು ಹೊರಡುವವು. ಐದನೆಯ ಜಾರ್ಜ್ ಅರಸನು 1911ರಲ್ಲಿ ಬಂದಿಳಿದುದರ ನೆನಪಿಗೆಂದು ಕಟ್ಟಿ 1924ರಲ್ಲಿ ತೆರೆದ ಆ ದ್ವಾರದಿಂದಲೇ, 1948ರ ಫೆಬ್ರುವರಿ 28ರಂದು, ಬ್ರಿಟಿಶರ ಕೊನೆಯ ದಂಡು ಹಡಗು ಹತ್ತಿ ಹೋಯಿತು. ಅರಸನ ಸ್ವಾಗತಕ್ಕೆಂದು ಕಟ್ಟಿದ ಬಾಗಿಲು ತೆರೆದ ಇಪ್ಪತ್ತನಾಲ್ಕು ವರ್ಷಗಳಲ್ಲಿಯೇ ಬೀಳ್ಕೊಡುವ ಬಾಗಿಲಾಯಿತು. ಅಲ್ಲಿಂದ ಒಂದು ತಾಸಿನ ಸಮುದ್ರಯಾನ. ಮುಂಜಾನೆಯ ಮೊದಮೊದಲಿನ ಲಾಂಚನ್ನೇ ಹಿಡಿಯಬೇಕು. ಹನ್ನೊಂದರ ಮೇಲೆ ಬಿಸಿಲೂ ಜನವೂ ಕೂಡಿಯೇ ಏರುವವು. ಇಳಿದ ಮೇಲೆ ಧಕ್ಕೆಯಿಂದ ಗುಡ್ಡದ ಬುಡದವರೆಗೆ ಪುಟ್ಟ ಗಾಡಿಯಿದೆ. ಅನಂತರ ಸುಮಾರು 120 ಮೆಟ್ಟಿಲುಗಳು. ಏರಲಾರದವರನ್ನು ಕುರ್ಚಿಯ ಡೋಲಿಯಲ್ಲಿ ಹೊತ್ತೊಯ್ಯುವರು. ದರವನ್ನು ಮೊದಲೇ ಮಾತನಾಡಿಕೊಳ್ಳತಕ್ಕದ್ದು. ಆಕೆ ಡೋಲಿಗೆ ಒಪ್ಪದೆ, ಹತ್ತು ಮೆಟ್ಟಿಲಿಗೊಮ್ಮೆ ಕುಳಿತು, ಮುಕ್ಕಾಲು ತಾಸಿನಲ್ಲಿ ಏರಿದಳು. ದಿಲ್ಲಿಯ ವೇಳಾಪತ್ರಿಕೆಯಾಗಿದ್ದರೆ ಆ ಮುಕ್ಕಾಲು ತಾಸಿನಲ್ಲಿ ಎರಡು ಗೋರಿಗಳಾಗುತ್ತಿದ್ದವು.

ಕ್ರಿಸ್ತಶಕ ಆರನೆಯ ಶತಮಾನದ ನಡುಭಾಗದ್ದೆಂದು ಪಂಡಿತರು ಹೇಳುವ ಆ ದೊಡ್ಡ ಗುಹೆಯ ಹಿಂಗೋಡೆಯಲ್ಲಿ ಸದಾಶಿವನ ಮೂರು ಮುಖಗಳು ಕತ್ತಲೆಯಿಂದ ಹೊರಬಂದಂತೆ ನಿಂತಿವೆ. ಎತ್ತರವು ಸುಮಾರು ಹದಿನೆಂಟು ಅಡಿ. ಒಂದು ಕಡೆ ಹುಬ್ಬು ಗಂಟಿಕ್ಕಿದ ಅಘೋರ, ಇನ್ನೊಂದು ಕಡೆ ಹೂವನ್ನು ಹಿಡಿದ ಸೌಮ್ಯವಾದ ಹೆಣ್ಣುಮೊಗ, ನಡುವೆ ಕಣ್ಣು ಮುಚ್ಚಿದ ಪ್ರಶಾಂತ ಮುಖ. ಅದರ ಎರಡೂ ಬದಿಗೆ ಅರ್ಧನಾರೀಶ್ವರನೂ ಗಂಗಾಧರನೂ ಇರುವರು. ಜನರು ಬಂದು ಭಾವಚಿತ್ರ ತೆಗೆದು ಹೋಗುವದಕ್ಕೆ ಮೂರು ನಿಮಿಷ ಸಾಕು. ಆದರೆ ಎದುರಿನ ಕಂಬದ ಬುಡದಲ್ಲಿ ಅರ್ಧ ತಾಸು ಕುಳಿತು ನೋಡಿರಿ. ಹೊರಗಿನ ಬೆಳಕು ಸರಿದಂತೆ ಮುಖಗಳ ಭಾವವೂ ಸರಿಯುವದು. ಕೆಳಗಿನ ಶಿಲ್ಪಗಳ ಕೈಕಾಲುಗಳು ಮುರಿದಿವೆ. ಅದು ಪೋರ್ತುಗೀಜರ ಸಿಪಾಯಿಗಳ ಕೃತ್ಯವೆಂದು ಹೇಳುವರು.

ನಮ್ಮ ಕಡೆಯವರಿಗೆ ಈ ಸ್ಥಳದಲ್ಲಿ ಇನ್ನೊಂದು ಸಂಬಂಧವಿದೆ. ಐಹೊಳೆಯ ಮೇಗುತಿಯ ಗುಡಿಯಲ್ಲಿ ರವಿಕೀರ್ತಿಯು 634ರಲ್ಲಿ ಕೆತ್ತಿಸಿದ ಸಂಸ್ಕೃತ ಶಾಸನದಲ್ಲಿ, ಇಮ್ಮಡಿ ಪುಲಕೇಶಿಯು ಹಡಗುಗಳ ಸೈನ್ಯದಿಂದ ಪಶ್ಚಿಮ ಸಮುದ್ರದ ಪುರಿ ಎಂಬ ಪಟ್ಟಣವನ್ನು ಮುತ್ತಿದ ವರ್ಣನೆಯಿದೆ. ಆ ಪುರಿಯೇ ಈ ಘಾರಾಪುರಿಯೆಂದು ಕೆಲವು ವಿದ್ವಾಂಸರ ಮತ. ಆ ಶಾಸನವನ್ನು ನಾನು ಇಪ್ಪತ್ತು ವರ್ಷ ಹುಡುಗರಿಗೆ ಹೇಳಿಕೊಟ್ಟವನು. ಗುಹೆಯ ಬಾಗಿಲಲ್ಲಿ ನಿಂತು ಸಮುದ್ರವನ್ನು ನೋಡುತ್ತಿದ್ದಾಗ, ತರಗತಿಯಲ್ಲಿ ಬರಿಯ ಅಲಂಕಾರವೆಂದು ವಿವರಿಸಿದ ಹಡಗುಗಳಿಗೆ ನೀರು ಬೇಕಾಗಿತ್ತೆಂಬುದು ಮೊದಲ ಸಲ ಹೊಳೆಯಿತು. ಆಕೆಯಾದರೋ, “ಬಾದಾಮಿಯೊಳಗ ಕಲ್ಲು ಕೆಂಪು, ಇಲ್ಲೆ ಕರಿ. ಮುಖ ಮಾಡಿದ ಕೈ ಮಾತ್ರ ಒಂದ ಕಡೀದು ಅನಸ್ತದ” ಎಂದಳು. ಬಾದಾಮಿಯ ಮೂರನೆಯ ಗುಹೆಯು 578ರದು; ಎರಡರ ನಡುವೆ ಬಹಳ ವರ್ಷಗಳ ಅಂತರವಿಲ್ಲ. ಇದನ್ನು ಆಕೆಗೆ ಯಾರೂ ಹೇಳಿರಲಿಲ್ಲ.

ಆ ನಡುಗಡ್ಡೆಗೆ ಎಲಿಫೆಂಟಾ ಎಂಬ ಹೆಸರು ಬರಲು ಕಾರಣವಾದ ಕಲ್ಲಿನ ಆನೆಯು ಈಗ ಅಲ್ಲಿಲ್ಲ. ಅದನ್ನು 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಹೋಗಿ ಮುರಿದುಹಾಕಿದರು. ತುಂಡುಗಳನ್ನು ಜೋಡಿಸಿ ಭಾಯಖಳಾದ ಜೀಜಾಮಾತಾ ಉದ್ಯಾನದಲ್ಲಿ ಇಟ್ಟಿರುವರು. ಮಕ್ಕಳನ್ನು ಕರೆದೊಯ್ಯುವವರಿಗೆ ಅದೂ ಉಪಯುಕ್ತ. ನಾವು ಹೋಗಲಿಲ್ಲ. ತಿರುಗಿ ಬಂದು ಸಂಜೆಯವರೆಗೆ ಮಲಗಿದೆವು.

ಗುರುವಾರದ ಮುಂಜಾನೆಗೆ ವಸ್ತುಸಂಗ್ರಹಾಲಯ. 1922ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಎಂಬ ಹೆಸರಿನಿಂದ ತೆರೆದುದು 1998ರಲ್ಲಿ ಛತ್ರಪತಿ ಶಿವಾಜಿ ಮಹಾರಾಜರ ಹೆಸರನ್ನು ಪಡೆಯಿತು. ಗೇಟ್‌ವೇಯನ್ನೂ ಇದನ್ನೂ ಯೋಜಿಸಿದ ಶಿಲ್ಪಿಯು ಒಬ್ಬನೇ, ಜಾರ್ಜ್ ವಿಟೆಟ್ ಎಂಬವನು. ಇಂಥ ದೊಡ್ಡ ಸಂಗ್ರಹವನ್ನು ಪೂರ್ತಿಯಾಗಿ ನೋಡುವೆನೆಂದು ಹೋಗುವವನು ಏನನ್ನೂ ನೋಡುವದಿಲ್ಲ. ನಾವು ಕೆಳಗಿನ ಅಂತಸ್ತಿನ ಶಿಲ್ಪಶಾಲೆಯೊಂದನ್ನೇ ನೋಡಿದೆವು. ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಮಾಳಿಗೆಯಲ್ಲಿದ್ದ ಬ್ರಹ್ಮ, ವಿಷ್ಣು, ಶಿವರ ಫಲಕಗಳು ಅಲ್ಲಿವೆ. ಐಹೊಳೆಗೆ ಶಾಲೆಯ ಹುಡುಗರನ್ನು ಕರೆದುಕೊಂಡು ಹೋದಾಗಲೆಲ್ಲ ಆ ಗುಡಿಯಲ್ಲಿ ತಲೆಯೆತ್ತಿ, ‘ಇಲ್ಲಿದ್ದುದು ಮುಂಬಯಿಯಲ್ಲಿದೆ’ ಎಂದು ಹೇಳುತ್ತಿದ್ದೆ. ಈಗ ಆ ‘ಇಲ್ಲಿದ್ದುದು’ ಎದುರಿಗೆ ಇದ್ದಿತು. ಮಾಳಿಗೆಯಲ್ಲಿ ಕತ್ತು ನೋಯುವಂತೆ ನೋಡಬೇಕಾದುದು ಇಲ್ಲಿ ಕಣ್ಣಿನ ಸಮಕ್ಕೆ ದೊರೆಯುವದು ನಿಜ; ತನ್ನ ಊರಿನ ಹುಡುಗನನ್ನು ದೊಡ್ಡ ಪಟ್ಟಣದ ಕಚೇರಿಯಲ್ಲಿ ಒಳ್ಳೆಯ ಅಂಗಿ ತೊಟ್ಟು ಕುಳಿತಿರುವದನ್ನು ಕಂಡಾಗ ಆಗುವಂತೆ, ಸಂತೋಷವೂ ಕಸಿವಿಸಿಯೂ ಕೂಡಿಯೇ ಆದವು.

ಉಳಿದುದು ಬಸ್ಸು. ಮುಂಬಯಿಯಲ್ಲಿ ಎರಡಂತಸ್ತಿನ ಬಸ್ಸುಗಳು 1937ರಲ್ಲಿ ಬಂದವು; ಅಣ್ಣನು ಕಾರ್ಡಿನಲ್ಲಿ ಬರೆದ ಜಾತಿಯ, ಕಿಡಕಿ ತೆರೆದು ಗಾಳಿಗೆ ಮುಖವೊಡ್ಡುವ ಹಳೆಯ ಕೆಂಪು ಬಸ್ಸುಗಳಲ್ಲಿ ಕೊನೆಯವನ್ನು 2023ರ ಸಪ್ಟೆಂಬರದಲ್ಲಿ ತೆಗೆದುಹಾಕಿದರು. ಇದನ್ನು ಓದಿದ ದಿನ ನಾನು ಆಕೆಗೆ ಹೇಳಲು ಅಂಜಿದೆ. ಅದೇ ವರ್ಷ ವಿದ್ಯುತ್ತಿನಿಂದ ನಡೆಯುವ, ತಂಪುಗಾಳಿಯ ಹೊಸ ಎರಡಂತಸ್ತಿನವು ಬಂದವೆಂದು ತಿಳಿದ ಮೇಲೆ ಎರಡನ್ನೂ ಕೂಡಿಯೇ ಹೇಳಿದೆ. “ಮ್ಯಾಲಿನ ಮುಂದಿನ ಸೀಟ ಐತಿಲ್ರೀ?” ಎಂದಷ್ಟೇ ಕೇಳಿದಳು.

ಬಸ್ಸಿನಲ್ಲಿ ಕೂಡ್ರುವ ಪೂರ್ವದಲ್ಲಿ ಕೋಟೆಯ ಪೇಟೆಯಲ್ಲಿ ಸ್ವಲ್ಪ ನಡೆದೆವು. ಅಣ್ಣನ ಹೊಟೇಲಿದ್ದ ಸ್ಥಳದಲ್ಲಿ ಔಷಧದ ಅಂಗಡಿಯಿದೆ. ಒಳಗಿನವರು ಹಳೆಯದನ್ನು ಅರಿಯರು. ಆಕೆ ಒಂದು ನೋವಿನ ಮುಲಾಮು ಕೊಂಡು ಹೊರಗೆ ಬಂದಳು. ರಾಜಾಬಾಯಿಯ ಗಡಿಯಾರದ ಗೋಪುರವನ್ನು ದೂರದಿಂದ ತೋರಿಸಿದೆ. 1878ರಲ್ಲಿ ಮುಗಿದ ಆ ಗೋಪುರಕ್ಕೆ ಹಣ ಕೊಟ್ಟ ಪ್ರೇಮಚಂದ ರಾಯಚಂದನು ತನ್ನ ತಾಯಿಯ ಹೆಸರನ್ನೇ ಇಡಿಸಿದನು. ಕಣ್ಣು ಕಾಣದ ಆ ತಾಯಿಯು ಸೂರ್ಯಾಸ್ತದ ಮೊದಲು ಊಟ ಮುಗಿಸುವ ಜೈನವ್ರತವನ್ನು ಆ ಗಂಟೆಯ ಧ್ವನಿಯಿಂದ ನಡೆಸುತ್ತಿದ್ದಳೆಂದು ಹೇಳುವರು. ಈ ಕಥೆಯನ್ನು ಕೇಳಿ ಆಕೆ, “ನಿಮ್ಮ ಗಡಿಯಾರಕಿಂತಾ ಛಲೋ” ಎಂದಳು.

1888ರಲ್ಲಿ ಪೂರ್ಣವಾದ ದೊಡ್ಡ ರೈಲುನಿಲ್ದಾಣದ ಬಳಿಯಲ್ಲಿ, ನರಿಮನ್ ಪಾಯಿಂಟಿನ ಕಡೆಗೆ ಹೋಗುವ ಬಸ್ಸು ಬಂದಿತು. ಮಧ್ಯಾಹ್ನದ ಹೊತ್ತಾದುದರಿಂದ ಜನರಿರಲಿಲ್ಲ. ಇಕ್ಕಟ್ಟಾದ ಮೆಟ್ಟಿಲುಗಳನ್ನು ಆಕೆ ಎರಡೂ ಕೈಗಳಿಂದ ಕಂಬಿ ಹಿಡಿದು ಹತ್ತಿದಳು; ನಾನು ಹಿಂದಿನಿಂದ ಚೀಲ ಹಿಡಿದು ಹತ್ತಿದೆ. ಮುಂದಿನ ಆಸನವು ಖಾಲಿಯಿತ್ತು. ಎಡಕ್ಕೆ ಬಲಕ್ಕೆ ಬಂದ ಕಟ್ಟಡಗಳ ಹೆಸರುಗಳನ್ನು ಹೇಳತೊಡಗಿದವನು, ಆಕೆ ಅವನ್ನು ನೋಡುತ್ತಿಲ್ಲವೆಂದು ಕಂಡು ಸುಮ್ಮನಾದೆ. ಅಡ್ಡಹಾದಿ ಬಂದಾಗಲೆಲ್ಲ ಆಕೆ ತುಸು ಬಗ್ಗಿ ಅದರೊಳಕ್ಕೆ, ಕೊನೆಯವರೆಗೆ, ನೋಡುತ್ತಿದ್ದಳು. ಕಾರ್ಡು ಆಕೆಯ ಕೈಚೀಲದಲ್ಲಿಯೇ ಇದ್ದಿತು, ಹೊರಗೆ ತೆಗೆಯಲಿಲ್ಲ.

ಕೊನೆಯ ನಿಲ್ದಾಣದಲ್ಲಿ ಬಸ್ಸು ಬರಿದಾಯಿತು. ವಾಹಕನು ಮೇಲೆ ಬಂದು ಇಳಿಯಿರೆಂಬಂತೆ ಕೈಮಾಡಿದನು. ಆಕೆ ನನ್ನ ಕಡೆಗೆ ತಿರುಗಿ, “ಇದು ಹೊಳ್ಳಿ ಅದ ಹಾದೀಲೆ ಹೋಗತದೇನು ಕೇಳ್ರಿ” ಎಂದಳು. ಕೇಳಿದೆ, ಹೋಗುವದೆಂದನು. ನನ್ನ ವಹಿಯಲ್ಲಿ ಆ ತಾಸಿಗೆ ಏಶಿಯಾಟಿಕ್ ಸೊಸಾಯಿಟಿಯ 1833ರ ಭವನ ಮತ್ತು ಅದರ ಹಸ್ತಪ್ರತಿಗಳ ವಿಚಾರಣೆಯಿತ್ತು. ವಾಹಕನಿಂದ ಇನ್ನೆರಡು ಚೀಟಿಗಳನ್ನು ಕೊಂಡೆ.